ಮೊದಲು ನೀರು, ಆಮೇಲೆ ಕ್ಲೌನ್ ಮೀನು

ಪ್ರಶ್ನೆ: ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ವಾಸ. ಕೆಲವು ವರ್ಷಗಳಿಂದ ಸಿಹಿನೀರಿನ ಟ್ಯಾಂಕ್ ಇಟ್ಟಿದ್ದೇನೆ, ಗಿಡಗಳೂ ಟೆಟ್ರಾ ಮೀನುಗಳೂ ಚೆನ್ನಾಗಿವೆ. ಈಗ ಹವಳ ಇರುವ ಸಣ್ಣ ಉಪ್ಪುನೀರಿನ ಟ್ಯಾಂಕ್ ಮಾಡುವ ಆಸೆ. ಮನೆಯಲ್ಲಿ 30 ಲೀಟರಿನ ಟ್ಯಾಂಕ್ ಒಂದು ಖಾಲಿ ಬಿದ್ದಿದೆ, ಸಾಕಾಗುತ್ತದೆಯೇ? ನಮ್ಮ ಭಾವ ಮಲ್ಪೆಯಲ್ಲಿದ್ದಾರೆ, ಕ್ಯಾನಿನಲ್ಲಿ ಸಮುದ್ರದ ನೀರು, ಜೊತೆಗೆ ಒಂದಷ್ಟು ಕಲ್ಲು ಕಳಿಸುತ್ತೇನೆ ಎನ್ನುತ್ತಾರೆ. ಮಗಳಿಗೆ ಎರಡು ಕ್ಲೌನ್ ಮೀನು, ಅವುಗಳಿಗೆ ಆಸರೆಯಾಗುವ ಹೂವಿನಂಥ ಕಡಲಜೀವಿ ಅನಿಮೋನ್ ಒಂದು ಬೇಕೇ ಬೇಕಂತೆ. ಎಲ್ಲಿಂದ ಶುರು ಮಾಡಲಿ?

ಉತ್ತರ: 30 ಲೀಟರಿನ ಟ್ಯಾಂಕ್ ಬೇಡ. ಭಾವ ಕಳಿಸುವ ನೀರೂ ಬೇಡ, ಕಲ್ಲಂತೂ ಬೇಡವೇ ಬೇಡ. ಕ್ಲೌನ್ ಮೀನು ಇಡಬಹುದು, ಆದರೆ ಎರಡು ತಿಂಗಳು ಕಾಯಬೇಕು. ಅನಿಮೋನಿಗೆ ವರ್ಷವೇ ಬೇಕು.

ಸಣ್ಣ ಟ್ಯಾಂಕ್ ಅಂದರೆ ಸಣ್ಣ ತಲೆನೋವು ಎಂಬ ಲೆಕ್ಕ ಉಪ್ಪುನೀರಿನಲ್ಲಿ ನಡೆಯುವುದಿಲ್ಲ. ನೀರು ಆವಿಯಾದಾಗ ಉಪ್ಪು ಹೋಗುವುದಿಲ್ಲ, ಉಳಿದ ನೀರಿನಲ್ಲೇ ಗಟ್ಟಿಯಾಗುತ್ತದೆ. ಸಮುದ್ರದ ನೀರಿನಲ್ಲಿ ಸಾವಿರಕ್ಕೆ 35 ಪಾಲು ಉಪ್ಪು, ಅಂದರೆ 35 ಪಿಪಿಟಿ. 30 ಲೀಟರಿನಲ್ಲಿ ಒಂದು ಲೀಟರ್ ಆವಿಯಾದರೆ ಅದು 36.2ಕ್ಕೆ ಏರುತ್ತದೆ. 90 ಲೀಟರಿನಲ್ಲಿ ಅದೇ ಒಂದು ಲೀಟರ್ ಹೋದರೆ 35.4. ಒಂದು ಬಸವನಹುಳು ಕಲ್ಲಿನ ಸಂದಿಯಲ್ಲಿ ಸತ್ತರೂ ಇದೇ ಕಥೆ: ದೊಡ್ಡ ಟ್ಯಾಂಕ್ ಅರಗಿಸಿಕೊಳ್ಳುತ್ತದೆ, 30 ಲೀಟರ್ ಮರುದಿನ ಬೆಳಿಗ್ಗೆ ಬಿಳಿಯಾಗಿ ನಿಂತಿರುತ್ತದೆ. ಕೈ ಪಳಗಿದವರು 20 ಲೀಟರಿನಲ್ಲೂ ಹವಳ ಬೆಳೆಸುತ್ತಾರೆ. ಕಲಿಯುವವರಿಗೆ ಅದು ಜಾಗವಲ್ಲ.

2 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದನ್ನು ಮಾಡಿಸಿ. ಪೂರ್ತಿ ಲೆಕ್ಕ ಹಾಕಿದರೆ ಸುಮಾರು 127 ಲೀಟರ್. ಮೇಲೆ ಬಿಡುವ ಜಾಗ, ಮರಳು, ಕಲ್ಲು ಕಳೆದರೆ ನೀರು ಸುಮಾರು 90 ಲೀಟರ್ ನಿಲ್ಲುತ್ತದೆ. ಗಾಜು 10 ಎಂಎಂ ಇರಲಿ. ಹಿಂಬದಿಯಲ್ಲಿ 10 ಸೆಂಟಿಮೀಟರ್ ಬಿಟ್ಟು ಅಡ್ಡಗೋಡೆ ಹಾಕಿಸಿ, ಮೂರು ಕೋಣೆ ಮಾಡಿಸಿ: ಮೊದಲನೆಯದರಲ್ಲಿ ಫಿಲ್ಟರ್ ಹತ್ತಿ, ಎರಡನೆಯದರಲ್ಲಿ ಹೀಟರ್ ಮತ್ತು ಬೇಕಾದರೆ ಕಾರ್ಬನ್ ಚೀಲ, ಮೂರನೆಯದರಲ್ಲಿ ನೀರನ್ನು ಮುಂದಕ್ಕೆ ತಳ್ಳುವ ಗಂಟೆಗೆ 1000 ಲೀಟರಿನ ಪಂಪು. ಬಚ್ಚಲುಮನೆಗೆ ಬಳಸುವ ಬೂಷ್ಟು ನಿರೋಧಕ ಸಿಲಿಕೋನ್ ಹಾಕದಂತೆ ಕಟ್ಟುವವರಿಗೆ ಮೊದಲೇ ಹೇಳಿ, ಅದರಲ್ಲಿರುವ ವಿಷ ನೀರಿಗೆ ಇಳಿಯುತ್ತದೆ. ಸ್ಟ್ಯಾಂಡ್ ಬಿಟ್ಟು ತೂಕವೇ 140 ಕೆಜಿ ಆಸುಪಾಸು. ಗೋಡೆಗೆ ಒತ್ತಿ, ಕಿಟಕಿಯ ಬಿಸಿಲು ಬೀಳದ ಕಡೆ ಇಡಿ. ಸ್ಟ್ಯಾಂಡ್ ಮಟ್ಟವಾಗಿದೆಯೇ ಎಂದು ಸ್ಪಿರಿಟ್ ಲೆವೆಲ್ಲಿನಲ್ಲಿ ನೋಡಿ, ತಳಕ್ಕೆ ಫೋಮ್ ಶೀಟ್ ಹಾಸಿ.

ಈಗ ಭಾವನ ಕೊಡುಗೆ. ಮಲ್ಪೆ ದೊಡ್ಡ ಮೀನುಗಾರಿಕಾ ಬಂದರು, ದಡದ ನೀರಿನಲ್ಲಿ ಡೀಸೆಲ್ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಕರಾವಳಿಯ ನದಿಗಳೆಲ್ಲ ಕೆಂಪಾಗಿ ಹರಿದು ಸೇರುವಾಗ ದಡದಲ್ಲಿ ಉಪ್ಪಿನಂಶ ಕುಸಿಯುತ್ತದೆ, ಜೂನಿನ ಕ್ಯಾನಿಗೂ ಫೆಬ್ರುವರಿಯ ಕ್ಯಾನಿಗೂ ತಾಳಮೇಳ ಇರುವುದಿಲ್ಲ. ಇನ್ನು ಮುಚ್ಚಿದ ಕ್ಯಾನಿನಲ್ಲಿ ರಾತ್ರಿ ಬಸ್ಸು ಹತ್ತಿದ ನೀರಿನ ಸೂಕ್ಷ್ಮಜೀವಿಗಳು ದಾರಿಯಲ್ಲೇ ಸತ್ತು ಕೊಳೆಯತೊಡಗುತ್ತವೆ.

ಕಲ್ಲಿನ ವಿಷಯ ಇನ್ನೂ ಗಂಭೀರ. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಒಂದು ಚೂರನ್ನೂ ಎತ್ತುವಂತಿಲ್ಲ. ಎತ್ತಿದರೂ ಆ ಲಾವಾ ಕಲ್ಲು ಗಟ್ಟಿ, ರಂಧ್ರವಿಲ್ಲದ್ದು, ನಿಮ್ಮ ಕೆಲಸಕ್ಕೆ ಬಾರದು. ಮುರುಡೇಶ್ವರದ ಆಚೆಯ ನೇತ್ರಾಣಿಯಲ್ಲಿ ಹವಳ ಇದೆ. ಆದರೆ ಕಲ್ಲು ಹವಳಗಳೆಲ್ಲವೂ, ಜೊತೆಗೆ ಬೆಂಕಿ ಹವಳ, ಕಪ್ಪು ಹವಳ, ಸೀ ಫ್ಯಾನ್ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಸತ್ತ ತುಂಡಿಗೂ ಅದೇ ಕಾನೂನು, ಶಿಕ್ಷೆ 3ರಿಂದ 7 ವರ್ಷ ಜೈಲು. ‘ಲೈವ್ ರಾಕ್’ (ಜೀವಿಗಳು ನೆಲೆಸಿದ ಕಲ್ಲು) ಎಂದು ಗುಟ್ಟಾಗಿ ಮಾರುವ ಕಲ್ಲು ಬಹುಪಾಲು ಹಳೆಯ ಹವಳವೇ. ಕಾರ್ಖಾನೆಯಲ್ಲಿ ಮಾಡಿದ ಒಣ ಕಲ್ಲು ತನ್ನಿ, ಸೆರಾಮಿಕ್ ಆದರೂ ಸರಿ, ಸುಣ್ಣ ಸಿಮೆಂಟಿನದಾದರೂ ಸರಿ. ಸಿಮೆಂಟಿನದಾದರೆ ಪಿಎಚ್ ಇಳಿಯುವವರೆಗೆ ವಾರಗಟ್ಟಲೆ ನೀರು ಬದಲಿಸುತ್ತ ನೆನೆಹಾಕಬೇಕು. 7–8 ಕೆಜಿ ಸಾಕು.

ಇಡೀ ಕೆಲಸದ ಬುಡ ಇರುವುದು ನೀರು ಮಾಡುವುದರಲ್ಲಿ. ದೀಪ, ಸ್ಕಿಮ್ಮರ್ (ನೊರೆಯೆಬ್ಬಿಸಿ ಕೊಳೆ ತೆಗೆಯುವ ಉಪಕರಣ) ಎಂದು ಹಣ ಸುರಿಯುವ ಮೊದಲು ಇಲ್ಲಿ ಸುರಿಯಿರಿ. ಟಿಡಿಎಸ್, ಅಂದರೆ ಕರಗಿರುವ ಲವಣಗಳ ಪ್ರಮಾಣ, ಸೊನ್ನೆ ಇರುವ ನೀರು ಬೇಕು. ಬೋರ್‌ವೆಲ್ ನೀರು ಎಷ್ಟೋ ಕಡೆ 500 ದಾಟಿರುತ್ತದೆ. ಕಾವೇರಿ ನೀರು ಅದಕ್ಕಿಂತ ಮೇಲು, ಆದರೂ ಕ್ಲೋರಿನ್, ನೈಟ್ರೇಟ್, ಫಾಸ್ಫೇಟ್ ಇಲ್ಲವೆಂದಲ್ಲ. ಅಡುಗೆಮನೆಯ ಆರ್‌ಓ ಇದೆಯಲ್ಲ ಎನ್ನುತ್ತೀರಿ. ಅದು ಕುಡಿಯಲು ರುಚಿ ಬರಲೆಂದು ಮಿನರಲ್ ಕಾರ್ಟ್ರಿಜ್, ಟಿಡಿಎಸ್ ಕಂಟ್ರೋಲರ್ ಮೂಲಕ ಲವಣಗಳನ್ನು ಮತ್ತೆ ಸೇರಿಸುತ್ತದೆ. ಸರ್ವಿಸ್ ಹುಡುಗನನ್ನು ಕರೆಸಿ, ಮೆಂಬ್ರೇನ್‌ನಿಂದ ಹೊರಬರುವ ಪೈಪಿಗೆ, ಆ ಎರಡಕ್ಕೂ ಮುಂಚೆಯೇ, ಒಂದು ಟೀ ಕವಲು ಹಾಕಿಸಿ. ಅಲ್ಲಿಂದ ಉಳಿದ ಲವಣಗಳನ್ನೂ ಹೀರುವ ಡಿಐ ರೆಸಿನ್ ತುಂಬಿದ ಕಾರ್ಟ್ರಿಜ್ ಮೂಲಕ ಹಾಯಿಸಿದರೆ ಟಿಡಿಎಸ್ ಮೀಟರ್ ಸೊನ್ನೆ ತೋರಿಸುತ್ತದೆ. 1 ಅಥವಾ 2 ಕಂಡ ದಿನ ರೆಸಿನ್ ಬದಲಿಸಿ. ಹಿತ್ತಾಳೆ ಫಿಟ್ಟಿಂಗ್ ಎಲ್ಲೂ ಬೇಡ. ತಾಮ್ರ ಲೇಶಮಾತ್ರ ಇಳಿದರೂ ಸೀಗಡಿ, ಬಸವನಹುಳು ಉಳಿಯುವುದಿಲ್ಲ.

ಉಪ್ಪು ಎಂದರೆ ಹವಳದ ಟ್ಯಾಂಕಿಗೆಂದೇ ಮಾರುವ ಸಾಲ್ಟ್ ಮಿಕ್ಸ್. ಅಡುಗೆಯ ಹರಳುಪ್ಪಿನಲ್ಲಿ ಇರುವುದು ಬಹುಪಾಲು ಸೋಡಿಯಂ ಕ್ಲೋರೈಡ್ ಒಂದೇ, ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಬೇಕಾದಷ್ಟು ಇರುವುದಿಲ್ಲ. ಲೀಟರಿಗೆ 36–38 ಗ್ರಾಂ ಬೇಕಾಗುತ್ತದೆ, 90 ಲೀಟರಿಗೆ ಹೆಚ್ಚುಕಡಿಮೆ ಮೂರೂಕಾಲು ಕೆಜಿ. ಡ್ರಮ್ಮಿನಲ್ಲಿ ಮೊದಲು ನೀರು ಪೂರ್ತಿ ತುಂಬಿಸಿ, ಪಂಪು ಓಡಿಸಿ, ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಉದುರಿಸಿ. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಕಾರ್ಬನೇಟ್ ಸುಣ್ಣದ ಪುಡಿಯಾಗಿ ತಳ ಸೇರುತ್ತದೆ, ಎಷ್ಟು ಕಲಕಿದರೂ ಮತ್ತೆ ಕರಗುವುದಿಲ್ಲ. ನೀರು ತಿಳಿಯಾದ ಮೇಲೆ ಅಳೆಯಿರಿ.

ಅಳೆಯಲು ತೇಲುವ ಪ್ಲಾಸ್ಟಿಕ್ ಹೈಡ್ರೋಮೀಟರ್ ನಂಬಬೇಡಿ, ಬೆಳಕು ಬಗ್ಗುವುದರಿಂದ ಉಪ್ಪಿನಂಶ ತೋರಿಸುವ ರಿಫ್ರಾಕ್ಟೋಮೀಟರ್ ಕೊಳ್ಳಿ. ಅದರೊಂದಿಗೆ ಬರುವ ಕಾಗದ ‘ಶುದ್ಧ ನೀರು ಹಾಕಿ ಸೊನ್ನೆಗೆ ಹೊಂದಿಸಿ’ ಎನ್ನುತ್ತದೆ. ಅಷ್ಟೇ ಮಾಡಿದರೆ ಸೊನ್ನೆಯ ಹತ್ತಿರ ಸರಿ ತೋರಿಸಿ 35ರ ಹತ್ತಿರ ಒಂದೆರಡು ಅಂಕ ತಪ್ಪಬಹುದು. 35ಕ್ಕೇ ಹೊಂದಿಸಬೇಕು. ಅದರ ದ್ರಾವಣ ಮನೆಯಲ್ಲೇ ಆಗುತ್ತದೆ: ಬಾಣಲೆಯಲ್ಲಿ ಬೆಚ್ಚಗೆ ಒಣಗಿಸಿದ, ಅಯೋಡಿನ್ ಇಲ್ಲದ ಶುದ್ಧ ಉಪ್ಪು 36.5 ಗ್ರಾಂ, ಟಿಡಿಎಸ್ ಸೊನ್ನೆಯ ನೀರು 963.5 ಗ್ರಾಂ, ಎರಡನ್ನೂ ತೂಗಿಯೇ ಹಾಕಿ. ಬರೀ ಉಪ್ಪಿನ ಈ ದ್ರಾವಣ ಬೆಳಕನ್ನು ಬಗ್ಗಿಸುವ ಪ್ರಮಾಣ 35 ಪಿಪಿಟಿಯ ಸಮುದ್ರದ ನೀರಿನಷ್ಟೇ. ಎರಡು ಹನಿ ಗಾಜಿನ ಮೇಲೆ ಬಿಟ್ಟು ಅರ್ಧ ನಿಮಿಷ ಕಾದು, ನೀಲಿ ಗೆರೆ 35ಕ್ಕೆ, ಅಂದರೆ ಸಾಂದ್ರತೆಯ ಅಳತೆಯಲ್ಲಿ 1.026ಕ್ಕೆ ಬರುವಂತೆ ತಿರುಪು ತಿರುಗಿಸಿ. ತಿಂಗಳಿಗೊಮ್ಮೆ ಹೀಗೆ ನೋಡಿಕೊಳ್ಳಿ.

ತಾಪಮಾನ 25–26 ಡಿಗ್ರಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ 100 ವ್ಯಾಟಿನ ಹೀಟರ್ ಬೇಕು. ಅದರ ಒಳಗಿನ ಥರ್ಮೋಸ್ಟಾಟ್ ಆನ್ ಆದಲ್ಲೇ ಅಂಟಿಕೊಂಡು ಇಡೀ ಟ್ಯಾಂಕನ್ನು ಬೇಯಿಸಿದ ಉದಾಹರಣೆಗಳು ಈ ಹವ್ಯಾಸದಲ್ಲಿ ಸಾಮಾನ್ಯ, ಹಾಗಾಗಿ ಹೊರಗೊಂದು ಟೆಂಪರೇಚರ್ ಕಂಟ್ರೋಲರ್ ಇರಲಿ. ಏಪ್ರಿಲ್‌ನಲ್ಲಿ ನೀರಿನ ಮೇಲೆ ಗಾಳಿ ಹಾಯಿಸುವ ಸಣ್ಣ ಫ್ಯಾನ್ 2–3 ಡಿಗ್ರಿ ಇಳಿಸುತ್ತದೆ. ನಿಮ್ಮೂರಿನ ಒಣ ಹವೆಗೆ ಇದು ನಡೆಯುತ್ತದೆ. ಮಂಗಳೂರು, ಉಡುಪಿಯ ಸೆಕೆಯಲ್ಲಿ ನೀರು ಆವಿಯಾಗುವುದೇ ಕಡಿಮೆ, ಅಲ್ಲಿನವರಿಗೆ ಚಿಲ್ಲರ್ ಇಲ್ಲದೆ ವಿಧಿಯಿಲ್ಲ. ಫ್ಯಾನ್ ಹಾಕಿದರೆ ದಿನಕ್ಕೆ 2–3 ಲೀಟರ್ ಆವಿಯಾಗಬಹುದು. ಅದನ್ನು ತುಂಬಿಸುವುದು ಆರ್‌ಓ-ಡಿಐ ಸಿಹಿನೀರಿನಿಂದ. ಉಪ್ಪುನೀರು ಸುರಿಯುವುದು ಹೊಸಬರು ಮಾಡುವ ಮೊದಲ ಎಡವಟ್ಟು. ನೀರಿನ ಮಟ್ಟ ನೋಡಿ ತಾನೇ ತುಂಬಿಸುವ ಆಟೋ ಟಾಪ್-ಅಪ್ ಸಿಗುತ್ತದೆ, ದುಡ್ಡಿಗೆ ಮೋಸವಿಲ್ಲ.

ಟ್ಯಾಂಕಿನೊಳಗೆ ಅಲೆಯೆಬ್ಬಿಸುವ ಪಂಪು, ಅಂದರೆ ವೇವ್‌ಮೇಕರ್, ಗಂಟೆಗೆ 2000–3000 ಲೀಟರ್ ತಳ್ಳುವಂಥದ್ದು ಒಂದು ಸಾಕು. ಎದುರು ಗಾಜಿಗೆ ಬಡಿದು ಚದುರುವಂತೆ ತಿರುಗಿಸಿ, ಹವಳಕ್ಕೆ ನೇರ ಹೊಡೆಯಬಾರದು. ದೀಪ ನೀಲಿ ಹೆಚ್ಚಿರುವ ರೀಫ್ (ಹವಳದ ಟ್ಯಾಂಕಿನ) ಎಲ್‌ಇಡಿ. ಗಿಡದ ಟ್ಯಾಂಕಿನ ಬಿಳಿ ದೀಪ ಇಲ್ಲಿ ಪಾಚಿ ಬೆಳೆಸುತ್ತದೆ. ಪ್ರೋಟೀನ್ ಸ್ಕಿಮ್ಮರ್ ಈ ಅಳತೆಗೆ ಕಡ್ಡಾಯವಲ್ಲ. ವಾರವಾರ 10 ಲೀಟರ್ ನೀರು ಬದಲಿಸಿದರೆ ಅದರ ಕೆಲಸ ಇದೇ ಮಾಡುತ್ತದೆ.

ಕಲ್ಲನ್ನು ಗಾಜಿನ ಮೇಲೆ ನೇರ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಿರಿ. ಮರಳಿನ ಮೇಲೆ ಕಲ್ಲಿಟ್ಟರೆ ಗೋಬಿ ಮೀನೋ ಸೀಗಡಿಯೋ ಕೆಳಗೆ ತೋಡಿ ಒಂದು ದಿನ ಕಲ್ಲು ಗಾಜಿಗೆ ಉರುಳುತ್ತದೆ. ಕಲ್ಲುಗಳನ್ನು ಒಂದಕ್ಕೊಂದು ಜೆಲ್ ರೂಪದ ಸೂಪರ್ ಗ್ಲೂ ಮತ್ತು ಎಪಾಕ್ಸಿ ಪುಟ್ಟಿಯಿಂದ ಅಂಟಿಸಿ, ಗಾಜಿನಿಂದ ನಾಲ್ಕು ಬೆರಳು ದೂರ ಬಿಡಿ, ಇಲ್ಲದಿದ್ದರೆ ಗಾಜು ಉಜ್ಜಲು ಕೈ ಹೋಗುವುದಿಲ್ಲ. ಮರಳು ಅರಗೊನೈಟ್ (ಸುಣ್ಣದಂಶದ್ದು), 1–2 ಎಂಎಂ ಕಾಳು, 7–8 ಕೆಜಿ, ಎರಡೂವರೆ ಸೆಂಟಿಮೀಟರ್ ದಪ್ಪ. ಹೊಳೆಯ ಮರಳು ಬೇಡ.

ನೀರು ತುಂಬಿ, ಪಂಪು ಓಡಿ, ಎಲ್ಲ ಕನ್ನಡಿಯಂತೆ ಕಂಡಾಗಲೇ ಮನೆಯವರೆಲ್ಲ ಅಂಗಡಿಗೆ ಹೊರಡುವುದು. ತಡೆಯಿರಿ. ಅಮೋನಿಯಾವನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇನ್ನೂ ಕಲ್ಲಿನಲ್ಲಿ ನೆಲೆ ನಿಂತಿಲ್ಲ. ಈ ಬ್ಯಾಕ್ಟೀರಿಯಾ ಬೆಳೆಸುವ ಸೈಕ್ಲಿಂಗ್ ನಿಮಗೆ ಹೊಸದಲ್ಲ, ಆದರೆ ಇಲ್ಲಿ ಗಿಡಗಳಿಲ್ಲ, ಅಮೋನಿಯಾ ಹೀರುವವರು ಯಾರೂ ಇಲ್ಲ. ಜೊತೆಗೆ ಪಿಎಚ್ 8.2ರ ಸುತ್ತ ಇರುವುದರಿಂದ ಅದರ ವಿಷಕಾರಿ ರೂಪದ ಪಾಲೂ ಹೆಚ್ಚು. ಮೀನು ಬಿಟ್ಟು ಸೈಕಲ್ ಮಾಡುವುದು ಹಿಂಸೆ. ಅಮೋನಿಯಂ ಕ್ಲೋರೈಡ್ ಬಳಸಿ. ಕಲಾಯಿ ಹಾಕುವವರ ನವಸಾಗರ ಇದೇ ವಸ್ತು, ಆದರೆ ಅಂಗಡಿಯ ನವಸಾಗರದಲ್ಲಿ ಬೇರೆ ಲೋಹ ಸೇರಿರಬಹುದು, ಲ್ಯಾಬ್ ಕೆಮಿಕಲ್ ಮಾರುವಲ್ಲಿ ಶುದ್ಧವಾದದ್ದನ್ನೇ ಕೊಳ್ಳಿ. 10 ಗ್ರಾಮನ್ನು ಒಂದು ಲೀಟರ್ ಆರ್‌ಓ-ಡಿಐ ನೀರಿನಲ್ಲಿ ಕರಗಿಸಿಟ್ಟು, ಅದರಿಂದ 55 ಎಂಎಲ್ ಹಾಕಿದರೆ 90 ಲೀಟರಿಗೆ ಸುಮಾರು 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಪಾಲು) ಅಮೋನಿಯಾ ಆಗುತ್ತದೆ. ಬಾಟಲಿ ಬ್ಯಾಕ್ಟೀರಿಯಾ ಸುರಿಯಿರಿ, ದೀಪ ಆರಿಸಿಡಿ.

ಎರಡು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್ ಅಳೆದು ಬರೆದಿಡಿ. ಅಮೋನಿಯಾ ಸೊನ್ನೆಗೆ ಬಂದಾಗ ಮತ್ತೆ 2 ಪಿಪಿಎಂ ಹಾಕಿ. ಹಾಕಿದ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಗಿಳಿದು, ನೈಟ್ರೈಟ್ ಕೂಡ ಇಳಿಯುವಂತಾದರೆ ಟ್ಯಾಂಕ್ ತಯಾರು. ಒಣ ಕಲ್ಲಿನಲ್ಲಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಕೊನೆಗೆ ನೈಟ್ರೇಟ್ ಹೆಚ್ಚಿದ್ದರೆ ಅರ್ಧ ನೀರು ಬದಲಿಸಿ. ‘ಇವತ್ತೇ ಮೀನು ಬಿಡಬಹುದು’ ಎಂದು ಬಾಟಲಿ ಮೇಲೆ ಬರೆದಿದ್ದರೆ ಅದನ್ನು ಮಾರಾಟಗಾರನ ಮಾತು ಎಂದೇ ತಿಳಿಯಿರಿ.

ದೀಪ ಹಾಕಿದ ಎರಡು ಮೂರು ವಾರಕ್ಕೆ ಮರಳಿನ ಮೇಲೆ ಕಂದು ಧೂಳು ಕೂರುತ್ತದೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ತಾನಾಗಿ ಹೋಗುತ್ತದೆ. ಆಮೇಲೆ ಹಸಿರು ಕೂದಲಿನಂಥ ಪಾಚಿ: ಕೈಯಿಂದ ಕೀಳಿ, ಟರ್ಬೋ ಬಸವನಹುಳು ಐದಾರು ಬಿಡಿ. ನಿಜವಾಗಿ ಹೆದರಬೇಕಾದದ್ದು ಮೂರನೆಯದಕ್ಕೆ. ಕಂದು ಬಣ್ಣದ, ಸಿಂಬಳದಂಥ ಎಳೆಗಳು, ತುದಿಯಲ್ಲಿ ಗಾಳಿಗುಳ್ಳೆ, ರಾತ್ರಿ ಕಡಿಮೆಯಾಗಿ ಮಧ್ಯಾಹ್ನಕ್ಕೆ ಮತ್ತೆ ಹೆಚ್ಚುವುದು. ಅದು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ. ಹೊಸಬರ ಟ್ಯಾಂಕಿನಲ್ಲಿ ಇದು ಬರುವುದು ಬಹುಪಾಲು ಅತಿ ಶುಚಿತ್ವದಿಂದ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದಾಗ ಬೇರೆ ಜೀವಿಗಳು ಹಿಂದೆ ಸರಿದು ಇದು ಜಾಗ ಹಿಡಿಯುತ್ತದೆ. ನೈಟ್ರೇಟ್ 5–10, ಫಾಸ್ಫೇಟ್ 0.03–0.1 ಪಿಪಿಎಂ ಇರಲೇಬೇಕು. ಸಿಹಿನೀರಿನವರಿಗೆ ಫಾಸ್ಫೇಟ್ ಎಂದರೆ ಶತ್ರು ಎಂಬ ಅಭ್ಯಾಸ, ಅದನ್ನು ಇಲ್ಲಿ ಬಿಡಬೇಕು. ಡೈನೋ ಕಂಡರೆ ಫಾಸ್ಫೇಟ್ ಹೀರುವ ಮೀಡಿಯಾ ತೆಗೆಯಿರಿ, ಮೀನಿಗೆ ಒಂದು ಹೊತ್ತು ಹೆಚ್ಚು ಹಾಕಿ, ಕೆಲ ದಿನ ನೀರು ಬದಲಿಸುವುದನ್ನು ನಿಲ್ಲಿಸಿ.

ಮೀನುಗಳಲ್ಲಿ ಮೊದಲು ಕ್ಲೌನ್ ಜೋಡಿ, ಒಂದು ದೊಡ್ಡದು, ಒಂದು ಸಣ್ಣದು. ಇವು ಹುಟ್ಟುವಾಗ ಎಲ್ಲ ಗಂಡೇ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಸಮ ಗಾತ್ರದ ಎರಡನ್ನು ತಂದರೆ ಯಜಮಾನಿಕೆಗೆ ಜಗಳ. ಸಾಕಿ ಬೆಳೆಸಿದವನ್ನೇ ಕೇಳಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಮಂಟಪಂ ಮತ್ತು ವಿಳಿಂಜಂನಲ್ಲಿ ಕ್ಲೌನ್ ಮರಿ ಮಾಡಿಸುವ ವಿಧಾನ ರೂಪಿಸಿದೆ, ಅಂಥ ಮರಿಗಳು ಪೆಲೆಟ್ ತಿನ್ನಲು ಕಲಿತಿರುತ್ತವೆ. ತಿಂಗಳು ಬಿಟ್ಟು ಒಂದು ಗೋಬಿ, ಆಮೇಲೆ ಒಂದು ಫೈರ್‌ಫಿಶ್, ಅದು ಹಾರುತ್ತದೆ, ಬಲೆಯ ಮುಚ್ಚಳ ಬೇಕು. ಅಲ್ಲಿಗೆ ನಾಲ್ಕು, ಸಾಕು. ಮಗಳು ಮುಂದೆ ನೀಲಿ ಟ್ಯಾಂಗ್ ಕೇಳಿಯೇ ಕೇಳುತ್ತಾಳೆ. ಅದು ಅಡಿಯುದ್ದ ಬೆಳೆಯುವ ಮೀನು. ಮ್ಯಾಂಡರಿನ್ ಮೀನು ಜೀವಂತ ಕೋಪೆಪಾಡ್ (ಅತಿ ಸಣ್ಣ ಕಡಲಜೀವಿ) ಬಿಟ್ಟು ಸಾಮಾನ್ಯವಾಗಿ ಬೇರೆ ಮುಟ್ಟದು, ನಿಮ್ಮ ಟ್ಯಾಂಕಿನಲ್ಲಿ ಹಸಿದು ಸಾಯುತ್ತದೆ.

ತಂದ ಮೀನನ್ನು ಬರಿ ಟ್ಯಾಂಕಿನಲ್ಲಿ, ಒಂದು ಪಿವಿಸಿ ಪೈಪ್ ತುಂಡು, ಸ್ಪಂಜ್ ಫಿಲ್ಟರ್ ಇಟ್ಟು ತಿಂಗಳು ಪ್ರತ್ಯೇಕ ಇಡಿ. ನಿಮ್ಮ 30 ಲೀಟರಿನ ಟ್ಯಾಂಕಿಗೆ ಕೆಲಸ ಸಿಕ್ಕಿತು. ಬಿಳಿ ಚುಕ್ಕೆ ರೋಗ ರೀಫ್ ಟ್ಯಾಂಕಿಗೆ ಹೊಕ್ಕರೆ ಔಷಧಿ ಹಾಕುವಂತಿಲ್ಲ, ಅದಕ್ಕೆ ಕೊಡುವ ತಾಮ್ರ ಹವಳವನ್ನೂ ಸೀಗಡಿಯನ್ನೂ ಕೊಲ್ಲುತ್ತದೆ. ಆಗ ಮೀನೆಲ್ಲ ಹೊರತೆಗೆದು, ಪರಾವಲಂಬಿ ಸಾಯಲೆಂದು ರೀಫನ್ನು ಎರಡೂವರೆ ತಿಂಗಳು ಮೀನಿಲ್ಲದೆ ಖಾಲಿ ಇಡಬೇಕಾಗುತ್ತದೆ. ಇನ್ನೊಂದು ಮಾತು: ಅಂಗಡಿಗಳಲ್ಲಿ ಉಪ್ಪಿನಂಶ ಬೇಕೆಂದೇ ಕಡಿಮೆ, 1.020ರ ಸುತ್ತ, ಇಟ್ಟಿರುವುದುಂಟು. ಚೀಲದ ನೀರನ್ನು ಅಳೆದು ಪ್ರತ್ಯೇಕ ಟ್ಯಾಂಕನ್ನು ಅಷ್ಟಕ್ಕೇ ಹೊಂದಿಸಿ, ಆಮೇಲೆ ದಿನಕ್ಕೆ 0.001ರಂತೆ ಏರಿಸಿ. ದೂರದಿಂದ ಬಂದ ಚೀಲ ಬಿಚ್ಚಿ ಗಂಟೆಗಟ್ಟಲೆ ಹನಿ ಹಾಕುತ್ತ ಕೂರಬೇಡಿ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡಿನಿಂದ ಪಿಎಚ್ ಇಳಿದು ಅಮೋನಿಯಾ ನಿರುಪದ್ರವಿ ರೂಪದಲ್ಲಿರುತ್ತದೆ, ಬಿಚ್ಚಿದೊಡನೆ ಪಿಎಚ್ ಏರಿ ಅದೇ ವಿಷವಾಗುತ್ತದೆ.

ಹವಳಕ್ಕೆ ಕೈ ಹಾಕುವುದು ಮೂರನೇ ತಿಂಗಳಿಂದ. ಮೃದು ಹವಳ ಮತ್ತು ಅವುಗಳ ಹತ್ತಿರದ ಬಳಗ: ಜೋವಾಂತಿಡ್, ಮಶ್ರೂಮ್, ಲೆದರ್, ಕೀನ್ಯಾ ಟ್ರೀ. ಇವುಗಳಿಗೆ ಸುಣ್ಣದ ಅಸ್ಥಿಪಂಜರ ಕಟ್ಟುವ ಕೆಲಸವಿಲ್ಲ, ವಾರದ ನೀರು ಬದಲಾವಣೆಯಲ್ಲೇ ಬೇಕಾದ್ದು ಸಿಗುತ್ತದೆ. ಕಾನೂನಿನ ದೃಷ್ಟಿಯಿಂದಲೂ ಇದೇ ಕ್ಷೇಮ. ಕಲ್ಲು ಹವಳಗಳು ವಿದೇಶದಲ್ಲಿ ಬೆಳೆಸಿದವಾದರೂ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ, ಆಮದಿನ ಕಾಗದವಿಲ್ಲದೆ ಮಾರುವವನಿಂದ ಕೊಳ್ಳಬೇಡಿ. ಗ್ರೀನ್ ಸ್ಟಾರ್ ಪಾಲಿಪ್ ತಂದರೆ ಬೇರೆಯೇ ಕಲ್ಲಿನಲ್ಲಿ, ಉಳಿದವುಗಳಿಂದ ದೂರ ಇಡಿ, ಹತ್ತಿರವಿದ್ದರೆ ಎಲ್ಲದರ ಮೇಲೂ ಹಬ್ಬುತ್ತದೆ. ಆಲ್ಕಲಿನಿಟಿ (ಕ್ಷಾರತೆ, ಡಿಕೆಎಚ್ ಅದರ ಮಾನ) 8–9 ಡಿಕೆಎಚ್, ಕ್ಯಾಲ್ಸಿಯಂ 400–450, ಮೆಗ್ನೀಸಿಯಂ 1250–1350 ಪಿಪಿಎಂ. ವಾರಕ್ಕೊಮ್ಮೆ ಅಳೆಯಬೇಕಾದ್ದು ಆಲ್ಕಲಿನಿಟಿ ಮಾತ್ರ, ಉಳಿದೆರಡು ತಿಂಗಳಿಗೊಮ್ಮೆ ಸಾಕು. ದೀಪ ಅರ್ಧ ತೀವ್ರತೆಯಲ್ಲಿ ದಿನಕ್ಕೆ 6 ಗಂಟೆಯಿಂದ ಶುರು ಮಾಡಿ ತಿಂಗಳಲ್ಲಿ 8 ಗಂಟೆಗೆ ತನ್ನಿ. ಒಮ್ಮೆಲೇ ಪೂರ್ತಿ ಹಾಕಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ.

ಮಗಳ ಕೈ ಟ್ಯಾಂಕಿಗೆ ಹೋಗುವುದಿದ್ದರೆ ಇದನ್ನು ಓದಲೇಬೇಕು. ಕೆಲವು ಜೋವಾಂತಿಡ್, ಪಾಲಿಥೋವಾಗಳಲ್ಲಿ ಪಾಲಿಟಾಕ್ಸಿನ್ ಎಂಬ ತೀವ್ರ ವಿಷವಿದೆ. ಕತ್ತರಿಸುವಾಗ ಕೈಗವಸು, ಕನ್ನಡಕ ಹಾಕಿ. ಅವು ಅಂಟಿದ ಕಲ್ಲನ್ನು ಎಂದಿಗೂ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಒಣಗಿಸಿ ಬ್ರಶ್ ಹಾಕಬೇಡಿ. ಆವಿಯಲ್ಲಿ ಬಂದ ವಿಷ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ.

ಇನ್ನು ಅನಿಮೋನ್. ಅದಕ್ಕೆ ಬಲವಾದ ಬೆಳಕು, ಏರಿಳಿತವಿಲ್ಲದ ಉಪ್ಪಿನಂಶ, ಹಳೆಯದಾದ ಟ್ಯಾಂಕ್ ಬೇಕು. ಜಾಗ ಹಿಡಿಸದಿದ್ದರೆ ರಾತ್ರಿ ನಡೆದುಹೋಗಿ ವೇವ್‌ಮೇಕರಿಗೆ ಸಿಕ್ಕಿಕೊಂಡು ಚೂರಾಗುತ್ತದೆ. ಸತ್ತ ಅನಿಮೋನ್ ಒಂದೇ ದಿನದಲ್ಲಿ 90 ಲೀಟರನ್ನೂ ಕೆಡಿಸಬಲ್ಲದು. ಸಾಕಿದ ಕ್ಲೌನ್ ಮೀನುಗಳಿಗೆ ಅದು ಬೇಕಿಲ್ಲ, ಎಷ್ಟೋ ಟ್ಯಾಂಕುಗಳಲ್ಲಿ ಲೆದರ್ ಹವಳಕ್ಕೇ ಮೈ ಉಜ್ಜಿಕೊಂಡು ಮಲಗುತ್ತವೆ. ವರ್ಷ ಕಳೆದ ಮೇಲೂ ಮಗಳು ಕೇಳಿದರೆ, ಬಬಲ್ ಟಿಪ್ ಜಾತಿಯದ್ದು ಒಂದನ್ನೇ ತನ್ನಿ, ವೇವ್‌ಮೇಕರಿಗೆ ಸ್ಪಂಜಿನ ಕವಚ ಹಾಕಿ.

ವಿದ್ಯುತ್ತಿನ ಕಡೆ ಎರಡು ಮಾತು. ಉಪ್ಪುನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತದೆ, ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಲೈನಿಗೆ ಟ್ಯಾಂಕ್ ಜೋಡಿಸಬೇಡಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೇರಲಿ, ಆಗ ಹನಿ ಪ್ಲಗ್ಗಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ಕರೆಂಟ್ ಹೋದಾಗ ಹೀಟರ್, ದೀಪದ ಚಿಂತೆ ಬೇಡ, ಆಮ್ಲಜನಕದ್ದೇ ಚಿಂತೆ. ವೇವ್‌ಮೇಕರನ್ನು ಇನ್ವರ್ಟರ್ ಲೈನಿಗೆ ಹಾಕಿ. ಇಲ್ಲದಿದ್ದರೆ ಬ್ಯಾಟರಿ ಏರ್ ಪಂಪ್ ಒಂದು ಕಪಾಟಿನಲ್ಲಿರಲಿ.

ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೋಗುವುದಾದರೆ ಮೀನಿಗೆ ಊಟ ಹಾಕದಿದ್ದರೂ ನಡೆಯುತ್ತದೆ. ನೀರು ತುಂಬಿಸದಿದ್ದರೆ ನಡೆಯುವುದಿಲ್ಲ. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೋಗುವಾಗ ಗಾಜಿನ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದು, ಆರ್‌ಓ-ಡಿಐ ನೀರಿನ ಕ್ಯಾನ್ ಪಕ್ಕದಲ್ಲಿಟ್ಟು, ಗೆರೆ ಮುಟ್ಟುವವರೆಗೆ ದಿನಕ್ಕೊಮ್ಮೆ ಸುರಿಯಿರಿ ಎನ್ನಿ. ಮೀನಿನ ಆಹಾರದ ಡಬ್ಬಿಯನ್ನು ಮಾತ್ರ ಅವರ ಕೈಗೆ ಸಿಗದಂತೆ ಎತ್ತಿಡಿ.